ಕಾಲಡಿಯ ಚೀಲ

ಮರಕ್ಕೆ ಪಾಲಿಶ್ ಹೊಡೆಯುವ ಗಂಡನ ಕಸುಬಿನಲ್ಲಿ ಅವಳಿಗೆ ಮೈ ಉರಿಯುತ್ತಿದ್ದುದು ಆ ಹರಕು ಬಟ್ಟೆಗಳನ್ನು ಕಂಡರೆ. ಅಗಸೆ ಎಣ್ಣೆಯಲ್ಲಿ ಅದ್ದಿ ಉಜ್ಜಿದ ಒಂದೊಂದು ಚಿಂದಿಯನ್ನೂ ಅವನು ಹಿತ್ತಲಿನ ತಂತಿಯ ಮೇಲೆ ಬಿಡಿಬಿಡಿಯಾಗಿ ಹರವುತ್ತಿದ್ದ, ಮದುವೆ ಬಟ್ಟೆಯೇನೋ ಎಂಬಂತೆ. ಯಾಕೆಂದು ಅವನು ಹೇಳಿರಲಿಲ್ಲ, ಅವಳು ಕೇಳಿರಲಿಲ್ಲ. ಇವತ್ತು ಬೆಳಿಗ್ಗೆ ಅಷ್ಟನ್ನೂ ಮುದ್ದೆ ಮಾಡಿ ಬಟ್ಟೆ ಚೀಲಕ್ಕೆ ತುರುಕಿದಳು. ಕಸದ ಗಾಡಿ ಬರುವವರೆಗೆ ಇರಲಿ ಎಂದು ಬೀದಿ ಬಾಗಿಲ ಪಕ್ಕದ ಅತ್ತೆಯ ಕೋಣೆಯ ಮೂಲೆಗೆ ತಳ್ಳಿದಳು.

ಮಧ್ಯಾಹ್ನ ಊಟಕ್ಕೆ ಬಂದ ಗಂಡ ಬರಿದಾದ ತಂತಿ ನೋಡಿ ನಿಂತುಬಿಟ್ಟ.

"ಬಟ್ಟೆ ಎಲ್ಲಿ?"

"ಚೀಲಕ್ಕೆ ತುಂಬಿದೀನಿ. ಮನೆ ಮನೆ ಥರ ಕಾಣ್ಬೇಡ್ವಾ?"

ಅವನ ಮುಖ ಬಿಳಿಚಿಕೊಂಡಿತು. "ಆ ಎಣ್ಣೆ ಬಟ್ಟೆ ಗುಡ್ಡೆ ಹಾಕಿದ್ರೆ ಒಳಗೊಳಗೇ ಕಾದು ತಾನಾಗೇ ಹತ್ಕೊಳ್ಳುತ್ತೆ ಕಣೇ. ಕಡ್ಡಿ ಗೀರೋದೇ ಬೇಡ. ಎಲ್ಲಿಟ್ಟೆ?"

ಅವಳ ಬೆರಳು ಅತ್ತೆಯ ಬಾಗಿಲಿನತ್ತ ಎದ್ದಿತು.

ಇಬ್ಬರೂ ಓಡಿ ಬಾಗಿಲು ತಳ್ಳಿದರೆ ಸೀದ ಎಣ್ಣೆಯ ವಾಸನೆ. ಮೂಲೆಯಲ್ಲಿ ಚೀಲವೇ ಇಲ್ಲ. ಅತ್ತೆ ಕತ್ತಿನವರೆಗೆ ರಗ್ಗು ಹೊದ್ದು ಕಣ್ಣು ಮುಚ್ಚಿ ಮಲಗಿದ್ದರು. ಎದೆ ಏರಿಳಿಯುತ್ತಿದೆಯೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಗಂಡ ರಗ್ಗು ಕಿತ್ತೆಳೆದ. ಚೀಲ ಅವರ ಪಾದಗಳಡಿ ಇತ್ತು. ಹೊಲಿಗೆಯ ಸಂದಿನಿಂದ ನೂಲೆಳೆಯಂಥ ಹೊಗೆ ಏಳುತ್ತಿತ್ತು. ಅವನು ಅದನ್ನು ಬಾಚಿಕೊಂಡು ಹೋಗಿ ಹಿತ್ತಲ ತೊಟ್ಟಿಯ ನೀರಿಗೆ ಎಸೆದ. ಚುಂಯ್ ಎಂದದ್ದು ಕೋಣೆಯವರೆಗೂ ಕೇಳಿಸಿತು.

ಅತ್ತೆ ಕಣ್ಣು ಬಿಟ್ಟು ಸೊಸೆಯನ್ನು ದುರುಗುಟ್ಟಿ ನೋಡಿದರು.

"ಬೆಚ್ಚಗಿದೆ ಅಂತ ನಾನೇ ಎಳ್ಕೊಂಡೆ. ನನ್ನ ಕಾಲಿಗೇ ಅಂತ ಇಟ್ಟಿದೀಯ ಅಂದ್ಕೊಂಡು, ಮದುವೆಯಾಗಿ ಬಂದಾಗಿಂದ ಇವತ್ತೇ ಮೊದಲು ನಿನಗೆ ಒಳ್ಳೇದಾಗ್ಲಿ ಅಂದಿದ್ದೆ. ಅದನ್ನೂ ಕಿತ್ಕೊಂಡ್ರಾ?"