ಕ್ಯಾರಿಯರಿನ ನಾಲ್ಕು ಕಾಲು

ವ್ಯಾನಿನ ತಲೆಮೇಲಿನ ಕ್ಯಾರಿಯರಿಗೆ ಎರಡು ಅಡ್ಡ ಕಂಬಿ, ಒಂದೊಂದು ಕಂಬಿಗೆ ಎರಡೆರಡು ಕಾಲು. ಶನಿವಾರ ಬೆಳಿಗ್ಗೆ ಅವುಗಳಲ್ಲಿ ಒಂದು ಕಾಲು ಟಪ್ಪೆಂದು ಮುರಿಯಿತು.

ವ್ಯಾನು ಮೆಶ್ ಅಕ್ಕನದು. ಮನೆಮನೆಗೆ ಹೋಗಿ ಕಿಟಕಿಗಳ ಅಳತೆ ತೆಗೆದು, ಅಲ್ಯೂಮಿನಿಯಂ ಚೌಕಟ್ಟಿಗೆ ಸೊಳ್ಳೆ ಮೆಶ್ ಬಿಗಿದು ಕೂರಿಸಿಕೊಡುವುದು ಅವಳ ಕೆಲಸ. ಹಾಗಾಗಿ ಬಡಾವಣೆಯವರೆಲ್ಲ ಕರೆಯುವುದೇ ಹಾಗೆ. ಸೋಮವಾರ ಹತ್ತು ಗಂಟೆಗೆ ಹಲ್ಲಿನ ಡಾಕ್ಟರೊಬ್ಬರ ಹೊಸ ಕ್ಲಿನಿಕ್ಕಿಗೆ ಹನ್ನೊಂದು ಚೌಕಟ್ಟು ತಲುಪಬೇಕಿತ್ತು. ಎಲ್ಲವೂ ಆಳೆತ್ತರದವು, ವ್ಯಾನಿನ ಒಳಗೆ ಹಿಡಿಯುವಂಥವಲ್ಲ.

ಗಾಡಿ ಬಿಡಿಭಾಗಗಳ ಅಂಗಡಿಗೆ ಫೋನ್ ಮಾಡಿದಳು. ಒಂದೇ ಕಾಲು ಬಿಡಿಯಾಗಿ ಕೊಡುವುದಿಲ್ಲ, ಬೇಕಿದ್ದರೆ ನಾಲ್ಕರ ಸೆಟ್ ತಗೊಳ್ಳಿ ಎಂದರು. ಆಯಿತು ಎನ್ನಲು ಅವಳು ಬಾಯಿ ತೆರೆಯುವಷ್ಟರಲ್ಲಿ ಮಾವ ಪೇಪರ್ ಮಡಚಿಟ್ಟು ಕೈ ಅಡ್ಡ ಆಡಿಸಿದರು.

“ಮಂಚದ್ದು ಒಂದು ಕಾಲು ಮುರಿದ್ರೆ ನಾಲ್ಕೂ ಕಾಲು ಬದಲಾಯಿಸ್ತಾರೇನಮ್ಮ? ಫೋನ್ ಇಡು. ಸಾಯಂಕಾಲದೊಳಗೆ ನಾನು ಮಾಡಿಕೊಡ್ತೀನಿ.”

ಮಾವ ನಲವತ್ತು ವರ್ಷ ಪ್ಲಂಬರ್ ಆಗಿದ್ದವರು. ಮಂಡಿನೋವಿಗೆ ಕೆಲಸ ಬಿಟ್ಟಿದ್ದರೇ ಹೊರತು ಪಾನಾ ಕೆಳಗಿಟ್ಟಿರಲಿಲ್ಲ. ಗಂಡನ ಮುಖ ನೋಡಿದಳು. “ನಿಮ್ಮಿಬ್ಬರ ಮಧ್ಯೆ ನಾನಿಲ್ಲಪ್ಪ” ಎಂದು ಅವನು ಸ್ನಾನಕ್ಕೆ ಹೋದ. ಒಂದು ಕಾಲು ತಾನೇ, ಮಾಡಲಿ ಎಂದುಕೊಂಡು ಮೆಶ್ ಅಕ್ಕ ಉಳಿದ ಚೌಕಟ್ಟು ಮುಗಿಸಲು ಶೆಡ್ಡಿಗೆ ಹೊರಟಳು.

ಸಂಜೆ ಬಂದು ನೋಡಿದರೆ ವ್ಯಾನಿನ ತಲೆ ಬೋಳು. ಅಂಗಳದ ತುಂಬ ಕಬ್ಬಿಣದ ಚೂರು. ಮಾವ ನೀರಿನ ಪೈಪನ್ನು ಗೇಣುದ್ದಕ್ಕೆ ನಾಲ್ಕು ತುಂಡು ಮಾಡಿಟ್ಟಿದ್ದರು. ಚೆನ್ನಾಗಿದ್ದ ಮೂರು ಕಾಲುಗಳೂ ನಡು ಕೊಯ್ಯಿಸಿಕೊಂಡು ಬಕೆಟ್ಟಿನಲ್ಲಿ ಬಿದ್ದಿದ್ದವು.

“ಮಾವ, ಮುರಿದಿದ್ದು ಒಂದಲ್ವಾ? ಇವನ್ನ ಯಾಕೆ ಕೊಯ್ದ್ರಿ?”

“ಒಂದು ಹೊಸದು, ಮೂರು ಹಳೇದು ಇದ್ರೆ ಎತ್ತರ ಹೊಂದಲ್ಲಮ್ಮ. ಜೊತೆಗೆ ಅವುಗಳ ಬೋಲ್ಟೂ ಬೇಕಿತ್ತು.”

“ಕೇಳಬಾರದಿತ್ತಾ ಒಂದು ಮಾತು?”

“ಇಂಥದಕ್ಕೆಲ್ಲ ಏನು ಕೇಳೋದು?” ಎಂದು ಅವರು ಅರ ಉಜ್ಜತೊಡಗಿದರು. ಮಾವನ ಮೇಲೆ ಕೂಗಾಡುವ ಹಾಗಿಲ್ಲ, ಸುಮ್ಮನಿರಲೂ ಆಗದು. ಬಾಯಲ್ಲಿಟ್ಟ ಬಿಸಿ ತುಪ್ಪದ ಹಾಗೆ ಆ ಸಿಟ್ಟನ್ನು ಹಿಡಿದುಕೊಂಡೇ ಅವಳು ಒಳಗೆ ಹೋದಳು. ಒಳಗೆ ಅತ್ತೆ ತಟ್ಟೆಯ ಮೇಲೆ ಈರುಳ್ಳಿ ಹೆಚ್ಚುತ್ತಿದ್ದರು. ಹೆಚ್ಚುವ ಹಲಗೆ ಕ್ಯಾರಿಯರಿಗೆ ಒತ್ತು ಕೊಡುವ ಮರ ಆಗಿಹೋಗಿತ್ತು. ಬಚ್ಚಲಿನ ಚಪ್ಪಲಿಯ ಅಟ್ಟೆ ಕತ್ತರಿಸಿ, ವ್ಯಾನಿನ ಬಣ್ಣಕ್ಕೆ ಗೀರು ಬೀಳದಿರಲೆಂದು ಕಾಲುಗಳ ಕೆಳಗೆ ಕೊಡಲಾಗಿತ್ತು. ಪೈಪಿಗೆ ಬಿಗಿಯಲು ಹಳೇ ಕುಕ್ಕರಿನ ರಬ್ಬರೂ ಹೋಗಿತ್ತು.

“ಇನ್ನು ನಾನೊಬ್ಬಳು ಉಳಿದಿದ್ದೀನಿ” ಎಂದು ಅತ್ತೆ ಅಂಗಳಕ್ಕೆ ಕೇಳುವಂತೆ ಹೇಳಿದರು. “ನನ್ನ ಕೈಕಾಲೂ ಬಿಚ್ಚಿ ಹಾಕ್ಕೊಳ್ಳಿ!”

ಭಾನುವಾರ ಅಂಗಡಿ ಮುಚ್ಚಿತ್ತು. ಮಾವ ಅಂದು ಇಡೀ ದಿನ ಅಳೆದರು, ಬಿಚ್ಚಿದರು, ಮತ್ತೆ ಜೋಡಿಸಿದರು. ಕೊನೆಗೆ ಕ್ಯಾರಿಯರು ನಿಂತಿತು, ನಿಜ. ಆದರೆ ಮೂಗಿಗಿಂತ ಮೂಗುತಿ ಭಾರ ಎನ್ನುವ ಹಾಗೆ, ವ್ಯಾನೇ ಅದರಡಿ ಕುಗ್ಗಿದಂತೆ ಕಾಣುತ್ತಿತ್ತು. ಮೆಶ್ ಅಕ್ಕ ಎರಡೂ ಕೈಯಿಂದ ಹಿಡಿದು ಅಲ್ಲಾಡಿಸಿದಳು. ಅಲುಗಲಿಲ್ಲ. ಹೊಗಳುವ ಮನಸ್ಸು ಅವಳಿಗಿರಲಿಲ್ಲ.

ಸೋಮವಾರ ಮಾವನೂ ಹತ್ತಿ ಕೂತರು. “ನಾನು ಮಾಡಿದ್ದು. ನಾನೇ ಜೊತೇಲಿರಬೇಕು.”

ದೊಡ್ಡ ರಸ್ತೆಗೆ ಬಂದು ವೇಗ ಹಿಡಿದದ್ದೇ ತಡ, ತಲೆಯ ಮೇಲಿಂದ ಊಳಿಡುವ ಸದ್ದು ಶುರುವಾಯಿತು. ಪೈಪಿನ ತುಂಡುಗಳ ಬಾಯಿ ತೆರೆದೇ ಇತ್ತು, ಗಾಳಿ ಅದರೊಳಗೆ ಹೊಕ್ಕು ಊದುತ್ತಿತ್ತು. ಸ್ಕೂಟರಿನವರು ಕತ್ತು ತಿರುಗಿಸಿ ನೋಡಿದರು. ಬಸ್ಸಿನ ಕಿಟಕಿಯಲ್ಲಿ ಒಂದು ಮಗು ಕಿವಿ ಮುಚ್ಚಿಕೊಂಡಿತು. ಗಾಡಿ ನಿಲ್ಲಿಸಿದಾಗ ಮಾವ ಇಳಿದು, ತಮ್ಮ ಕರವಸ್ತ್ರವನ್ನು ನಾಲ್ಕು ಚೂರು ಮಾಡಿ ಬಾಯಿಗಳಿಗೆ ತುರುಕಿ, ಮಂಡಿ ಒತ್ತಿಕೊಳ್ಳುತ್ತ ಬಂದು ಕೂತರು. ಆಮೇಲೆ ಅವಳಿಗೆ ಕಂಡಿತು, ಮುಂದಿನ ಹಗ್ಗ ಸಡಿಲವಾಗಿ ಚೌಕಟ್ಟುಗಳು ನಡುಗುತ್ತಿದ್ದವು.

“ಮತ್ತೆ ಇಳಿಯೋಕೆ ನನ್ನ ಮಂಡಿ ಒಪ್ಪಲ್ಲ” ಎಂದ ಮಾವ, ಕೂತಲ್ಲಿಂದಲೇ ಹಗ್ಗದ ತುದಿಯನ್ನು ಕಿಟಕಿಯಿಂದ ಮೇಲೆಸೆದರು. “ನಿನ್ನ ಕಡೆ ಬಿತ್ತಲ್ಲ? ಒಳಗೆ ಎಳಿ. ಇತ್ಲಾಗೆ ಕೊಡು.” ಗಡಿಯಾರ ಒಂಬತ್ತೂ ಮುಕ್ಕಾಲು ತೋರಿಸುತ್ತಿತ್ತು. ಅವಳು ಯೋಚಿಸದೆ ಕೊಟ್ಟಳು. ಅವರು ಕಾಲೂರಿ ಎಳೆದು ಇಬ್ಬರ ತಲೆಯ ಮೇಲೆ ಗಂಟು ಹಾಕಿದರು.

ಕ್ಲಿನಿಕ್ಕಿನ ಮುಂದೆ ಡಾಕ್ಟರಮ್ಮ ಕಾಯುತ್ತಿದ್ದರು. ಮೆಶ್ ಅಕ್ಕ ನಗುಮುಖ ಮಾಡಿ ಬಾಗಿಲು ತಳ್ಳಿದಳು. ತೆರೆಯಲಿಲ್ಲ. ಮಾವನೂ ತಮ್ಮ ಕಡೆಯದನ್ನು ತಳ್ಳಿದರು. ಅದೂ ಇಲ್ಲ. ಕಿಟಕಿಗಳೊಳಗೆ ಹಾದ ಹಗ್ಗ ಎರಡೂ ಬಾಗಿಲನ್ನು ಚಾವಣಿಗೆ ಸೇರಿಸಿ ಬಿಗಿದಿತ್ತು. ಉಪಕರಣದ ಪೆಟ್ಟಿಗೆ ಹಿಂದೆ, ತಂತಿ ತಡಿಕೆಯ ಆಚೆ.

“ಇಳೀತಿಲ್ವಲ್ಲ, ಏನಾಯ್ತು?” ಎಂದರು ಡಾಕ್ಟರಮ್ಮ.

“ಎರಡೇ ನಿಮಿಷ ಮೇಡಂ.” ಮಾವ ಇಂಗು ತಿಂದ ಮಂಗನ ಮುಖ ಮಾಡಿಕೊಂಡು ಗಂಟಿಗೆ ಉಗುರು ಹಾಕಿದರು. ದಾರಿಯುದ್ದಕ್ಕೂ ಜಗ್ಗಿ ಅದು ಕಲ್ಲಾಗಿತ್ತು. ಬಾಯಿ ಹಾಕಿ ಕಚ್ಚಿ ಎಳೆದರು.

“ಹಲ್ಲು ಹಾಕಬೇಡಿ ಅಜ್ಜ!” ಡಾಕ್ಟರಮ್ಮ ಓಡಿಬಂದರು. “ಇರಿ, ಕತ್ತರಿ ತರ್ತೀನಿ.”

“ಕತ್ತರಿ ಬೇಡ! ಒಳ್ಳೇ ಹಗ್ಗ ಇದು!”

ಮೆಶ್ ಅಕ್ಕನ ತಾಳ್ಮೆ ಅಲ್ಲಿಗೆ ಮುಗಿಯಿತು. “ಹಗ್ಗ ಹಾಳಾಗಿ ಹೋಗಲಿ ಮಾವ! ಮೂರು ಕಾಲು ಕೊಯ್ಯುವಾಗ ಒಳ್ಳೇದು ಕೆಟ್ಟದ್ದು ನೆನಪಿರಲಿಲ್ವಾ? ಇದು ನನ್ನ ಗಾಡಿ, ನನ್ನ ಕೆಲಸ. ಹತ್ತು ವರ್ಷದಿಂದ ಮಾಡ್ತಿದ್ದೀನಿ. ಒಂದು ಸಲ, ಒಂದೇ ಒಂದು ಸಲ ನನ್ನನ್ನ ಕೇಳೋಕಾಗಲ್ವಾ ನಿಮಗೆ?”

ವ್ಯಾನಿನೊಳಗೆ ಆ ಮಾತು ದೊಡ್ಡದಾಗಿ ಕೇಳಿತು. ಆ ಮನೆಗೆ ಬಂದಾಗಿನಿಂದ ಅವಳು ಅವರ ಎದುರು ದನಿ ಏರಿಸಿದ್ದು ಅದೇ ಮೊದಲು. ಮಾವ ಹಗ್ಗದಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಡಾಕ್ಟರಮ್ಮ ಬಂದು, ಇಬ್ಬರ ಮುಖವನ್ನೂ ನೋಡದೆ ಹಗ್ಗ ಕತ್ತರಿಸಿದರು.

ಹನ್ನೊಂದು ಚೌಕಟ್ಟಿನಲ್ಲಿ ಒಂದೂ ಬಾಗಿರಲಿಲ್ಲ, ಒಂದಕ್ಕೂ ಗೀರು ಬಿದ್ದಿರಲಿಲ್ಲ. ಅದನ್ನು ಮಾವ ಎತ್ತಿ ಆಡಲಿಲ್ಲ. ಅವಳು ಸ್ಕ್ರೂ ಬಿಗಿಯುವಾಗ ಚೌಕಟ್ಟು ಹಿಡಿದು ನಿಂತರು. “ಮೇಲೆ” ಎಂದರೆ ಎತ್ತಿದರು, “ಸಾಕು” ಎಂದರೆ ನಿಲ್ಲಿಸಿದರು. ಆ ಮೌನ ಅವಳಿಗೆ ಪೈಪಿನ ಊಳಿಗಿಂತ ಕಿರಿಕಿರಿಯಾಯಿತು. ಕೂಗಿದ್ದು ತಪ್ಪಾಯಿತೇನೋ ಎನ್ನಿಸಿತು. ಇಲ್ಲ, ತಪ್ಪಲ್ಲ ಎಂದೂ ಅನ್ನಿಸಿತು.

ಕೆಲಸ ಮುಗಿದು ವ್ಯಾನು ಹತ್ತಿದ ಮೇಲೆ ಮಾವ ಕೇಳಿದರು.

“ಅಂಗಡಿ ದಾರೀಲೇ ಇದೆ ಅಲ್ವಾ?”

“ಇದೆ.”

“ಹೋಗೋಣ್ವಾ? ನಿನಗೆ ಸರಿ ಅನ್ನಿಸಿದ್ರೆ.”

ಅವಳು ವ್ಯಾನನ್ನು ಆ ಕಡೆ ತಿರುಗಿಸಿದಳು.

ಅಂಗಡಿಯವನು ಸೆಟ್ಟಿನ ಡಬ್ಬಿ ತಂದಿಟ್ಟ. ಮಾವ ಅವಳ ಕಡೆ ನೋಡಿದರು. “ಬಿಚ್ಚಿ ನೋಡಲಾ?” ಅವಳು ಹೂಂ ಎಂದು ತಲೆಯಾಡಿಸಿದಳು. ತಪ್ಪಾದದ್ದು ಅಲ್ಲೇ. ಮಾವ ಬೋಲ್ಟುಗಳನ್ನು ಒಂದೊಂದಾಗಿ ಬೆರಳಲ್ಲಿ ತಿರುಗಿಸಿ, ಎರಡನೆಯದರ ಥ್ರೆಡ್ ಸರಿಯಿಲ್ಲ ಎಂದರು. ಅಂಗಡಿಯವನು ಒಪ್ಪಲಿಲ್ಲ. ನಟ್ಟು ಹಾಕಿ ತೋರಿಸಿದರು, ಅರ್ಧಕ್ಕೇ ಜಾರಿತು. ಇನ್ನೊಂದು ಡಬ್ಬಿ ಬಂತು. ಅದರಲ್ಲಿ ಒಂದು ಕಾಲು ಸೊಟ್ಟ. ಮೂರನೆಯದು ಬಂತು. ಅರ್ಧ ಗಂಟೆಯಾಯಿತು. ಮೆಶ್ ಅಕ್ಕನ ಹೊಟ್ಟೆ ಚುರುಗುಟ್ಟುತ್ತಿತ್ತು, ಕಾಲು ಸೋತಿತ್ತು. ನಾನೊಬ್ಬಳೇ ಬಂದಿದ್ದರೆ ಕೆಟ್ಟ ಬೋಲ್ಟಿನ ಆ ಮೊದಲನೆಯ ಡಬ್ಬಿಯನ್ನೇ ಎತ್ತಿಕೊಂಡು ಹೋಗುತ್ತಿದ್ದೆನಲ್ಲ ಎಂಬ ಯೋಚನೆ ಬಂದು ಇನ್ನಷ್ಟು ರೇಗಿತು.

“ಯಾರು ಮೇಡಂ ಇವರು?” ಅಂಗಡಿಯವನು ಬೆವರು ಒರೆಸಿಕೊಳ್ಳುತ್ತ ಮೆಲ್ಲಗೆ ಕೇಳಿದ. “ಎಲ್ಲಿ ಕೆಲಸ ಮಾಡ್ತಾರೆ?”

“ನನ್ನ ಹತ್ರಾನೇ” ಎಂದಳು ಅವಳು. “ಮಾವ, ಬೇಗ ನೋಡಿ, ಹಸಿವಾಗ್ತಿದೆ.”