ಕೆಂಪು ಚುಕ್ಕೆಯ ಖಾಕಿ ಅಂಗಿ

ಖಾಕಿ ಅಂಗಿ ಕೈಗೆ ಬಂದಾಗಲೆಲ್ಲ ಇಸ್ತ್ರಿಯಕ್ಕನಿಗೆ ಬಾಯಿ ಒಣಗುತ್ತಿತ್ತು. ಬೇರೆಯವರ ಬಟ್ಟೆಯನ್ನು ಅವಳು ಪಕ್ಕದ ಚಪ್ಪಲಿಯಣ್ಣನ ಜೊತೆ ಹರಟುತ್ತಲೇ ಉಜ್ಜಿ ಮಡಚಿಬಿಡುತ್ತಿದ್ದಳು. ಇನ್‌ಸ್ಪೆಕ್ಟರ ಅಂಗಿ ಬಂತೆಂದರೆ ಮಾತು ನಿಲ್ಲುತ್ತಿತ್ತು. ಮೊದಲು ಕಾದ ಪೆಟ್ಟಿಗೆಯನ್ನು ಹಳೇ ಚಿಂದಿಯ ಮೇಲೆ ಎಳೆದು ನೋಡಬೇಕು. ಆಮೇಲೆ ಅಂಗಿಯ ಮೇಲೆ ಒದ್ದೆ ಬಟ್ಟೆ ಹಾಸಬೇಕು. ಜೇಬಿನ ಹತ್ತಿರ ಬಂದಾಗ ಉಸಿರು ಬಿಗಿ ಹಿಡಿಯಬೇಕು.

ಹೆದರಿಕೆಗೆ ಕಾರಣವಿತ್ತು. ಪೊಲೀಸ್ ಠಾಣೆಯ ಗೋಡೆಯ ಪಕ್ಕ, ಈಗ ಅವಳ ಇಸ್ತ್ರಿ ಗಾಡಿ ನಿಲ್ಲುವ ಜಾಗದಲ್ಲೇ ಹಿಂದೆ ಅವಳ ಮಾವನ ಗಾಡಿ ನಿಲ್ಲುತ್ತಿತ್ತು. ಆತ ಒಮ್ಮೆ ಆಗಿನ ಇನ್‌ಸ್ಪೆಕ್ಟರ ಜೇಬು ಸುಟ್ಟ. ಹೆಬ್ಬೆರಳಿನಷ್ಟು ಕಲೆ. ಪೊಲೀಸರು ಗಾಡಿಯನ್ನು ಚರಂಡಿಗೆ ಉರುಳಿಸಿದರು. ಪೆಟ್ಟಿಗೆಯ ಕೆಂಡ ಅವನ ಪಾದದ ಮೇಲೆ ಸುರಿಯಿತು. ಸಾಯುವ ತನಕ ಕುಂಟಿದ. ತನ್ನ ಗಂಡನೂ ತೀರಿಕೊಂಡ ಮೇಲೆ ಇಸ್ತ್ರಿಯಕ್ಕ ಗಾಡಿ ಹಿಡಿದಾಗ ಅತ್ತೆ ಹೇಳಿದ್ದು ಒಂದೇ ಮಾತು: "ಯಾರ ಬಟ್ಟೆ ಬೇಕಾದ್ರೂ ಸುಡು, ಖಾಕಿ ಮಾತ್ರ ಸುಡಬೇಡ."

ಜುಟ್ಟಿನವನು ಗಾಡಿಯ ಹತ್ತಿರ ಬಂದದ್ದು ಒಂದು ಮಧ್ಯಾಹ್ನ. ಕೂದಲನ್ನು ನೆತ್ತಿಗೆ ಎತ್ತಿ ಕಟ್ಟಿದ್ದ. ಮೈಮೇಲಿನ ಬಟ್ಟೆ ಮುದ್ದೆಯಾಗಿತ್ತು, ಆದರೆ ಇಸ್ತ್ರಿಗೆ ಕೊಡುವ ಯೋಚನೆ ಇದ್ದಂತೆ ಕಾಣಲಿಲ್ಲ. ಸುಮ್ಮನೆ ನಿಂತು ಅವಳ ಕೈಗಳನ್ನೇ ನೋಡಿದ.

"ನಾನು ಕಲಾವಿದ. ನೀವು ಇಲ್ಲಿ ಮಾಡೋದನ್ನೇ ನಮ್ಮ ಚಿತ್ರಶಾಲೇಲಿ ಒಂದು ದಿನ ಮಾಡ್ಬೇಕು. ಜನ ನೋಡ್ತಾರೆ."

"ಇಸ್ತ್ರಿ ಮಾಡೋದನ್ನ?"

"ಹೌದು. ಏನೂ ಬದಲಾಯಿಸಬೇಡಿ. ದಿನಾ ಹೇಗೋ ಹಾಗೇ." ಆಮೇಲೆ ಕೂಲಿ ಹೇಳಿದ. ಅವಳು ವಾರವಿಡೀ ಬೆನ್ನು ಬಗ್ಗಿಸಿದರೂ ಅಷ್ಟು ಹುಟ್ಟುತ್ತಿರಲಿಲ್ಲ.

ಹೋಗುವ ದಿನ ಬೆಳಗ್ಗೆ ಮನೆಯಲ್ಲಿ ಅತ್ತೆ ಮೂಗು ಮುರಿದಳು. "ಇಸ್ತ್ರಿ ನೋಡೋಕೆ ಜನ ಬರ್ತಾರಾ? ಅವರ ಮನೇಲೆಲ್ಲ ಟೀವಿ ಕೆಟ್ಟು ಕೂತಿದೆಯಾ?"

"ದುಡ್ಡು ಕೊಡ್ತಾರೆ ಅತ್ತೆ. ನೋಡ್ಕೊಂಡ್ರೆ ನಂಗೇನು ಸವೆಯುತ್ತಾ?"

"ಖಾಕಿನೂ ತಗೊಂಡು ಹೋಗ್ತಿದ್ದೀಯಾ?"

"ನಾಳೆ ದೊಡ್ಡ ಸಾಹೇಬರು ಠಾಣೆಗೆ ಬರ್ತಾರಂತೆ. ಬೆಳಗ್ಗೆಗೆ ಅಂಗಿ ಬೇಕೇ ಬೇಕು ಅಂದಿದ್ದಾರೆ. ಅಲ್ಲೇ ಉಜ್ಜಿ ತಂದುಬಿಡ್ತೀನಿ."

ಅಂಗಿಯ ಜೇಬಿನ ಗುಂಡಿ ಬಿದ್ದುಹೋಗಿತ್ತು. ಇಸ್ತ್ರಿಯಕ್ಕ ತನ್ನ ಡಬ್ಬಿಯಲ್ಲಿ ಹುಡುಕಿ, ಅದೇ ಬಣ್ಣದ್ದು ಸಿಗದೆ, ಒಂದು ಕಪ್ಪು ಗುಂಡಿಯನ್ನು ಹೊಲಿದು ಕೂರಿಸಿದಳು. ಅದಕ್ಕೆ ಯಾರೂ ಕಾಸು ಕೊಡುವುದಿಲ್ಲ. ಗುಂಡಿ ಇಲ್ಲದಿದ್ದರೆ ಮಾತ್ರ ಕೇಳುತ್ತಾರೆ.

ಇಬ್ಬರೂ ಎಡವಿದ್ದು ಬಟ್ಟೆಯ ವಿಷಯದಲ್ಲಿ. ಬಟ್ಟೆ ಯಾರದು ಅಂತ ಜುಟ್ಟಿನವನು ಕೇಳಲಿಲ್ಲ. ತನ್ನದಲ್ಲ ಅಂತ ಅವಳು ಹೇಳಲಿಲ್ಲ. ಇಸ್ತ್ರಿಯವಳ ಗಂಟಿನಲ್ಲಿರುವುದು ಊರವರ ಬಟ್ಟೆ ಎಂದು ಲೋಕಕ್ಕೇ ಗೊತ್ತಿರುವಾಗ ಅದನ್ನು ಬಾಯಿಬಿಟ್ಟು ಯಾಕೆ ಹೇಳಬೇಕು? ದಿನಾ ಹೇಗೋ ಹಾಗೇ ಎಂದಿದ್ದ. ಅವಳು ದಿನದ ಗಂಟನ್ನೇ ಹೊತ್ತು ಹೋದಳು.

ಚಿತ್ರಶಾಲೆಯ ಕೋಣೆ ಎಷ್ಟು ಬೆಳ್ಳಗಿತ್ತೆಂದರೆ ಕಾಲಿಡಲು ಭಯವಾಯಿತು. ನೆಲದ ಮೇಲೆ ಬಿಳಿ ಪಟ್ಟಿ ಅಂಟಿಸಿ, ಹಿಂದಿನ ಗೋಡೆಯೂ ಒಳಗೆ ಬರುವಂತೆ ಚೌಕ ಮಾಡಿದ್ದರು. ಚೌಕದ ನಡುವೆ ಅವಳ ಗಾಡಿ. ಅದನ್ನು ತಂದವರು ಚಕ್ರದ ಕೆಸರನ್ನು ಒರೆಸಲು ಬಿಟ್ಟಿರಲಿಲ್ಲ. ಕೆಸರೂ ಬೇಕಂತೆ.

ಜನ ಬಂದರು. ಕೈಯಲ್ಲಿ ಉದ್ದ ಕಾಲಿನ ಗಾಜಿನ ಲೋಟಗಳು. ಜುಟ್ಟಿನವನು ನಿಂತು ಮಾತಾಡಿದ. "ಈ ಗೆರೆಯೊಳಗೆ ಇರೋದೆಲ್ಲ, ನಡೆಯೋದೆಲ್ಲ ಕಲಾಕೃತಿ. ದುಡಿಮೆ ಸರಕಾಗೋ ಕ್ಷಣವನ್ನು ನೀವು ನೋಡ್ತಿದ್ದೀರಿ. ಹಣ ಅನ್ನೋದು ಕೊನೆಗೂ ಒಂದು ನಂಬಿಕೆ ಅಷ್ಟೇ."

ಎಲ್ಲರೂ ತಲೆದೂಗಿದರು. ಹಣ ಬರೀ ನಂಬಿಕೆ ಎನ್ನುವ ಮಾತು ಜೇಬು ತುಂಬಿದವರಿಗೆ ಬೇಗ ಅರ್ಥವಾಗುತ್ತದೆ. ಗಿರಾಕಿಗಳ ಮುಂದೆ ಆಡಿಸುವಂತೆ ಇಸ್ತ್ರಿಯಕ್ಕನೂ ತಲೆಯಾಡಿಸಿ ಕೆಲಸ ಶುರುಮಾಡಿದಳು.

ಉಜ್ಜಿದ ಒಂದೊಂದು ಬಟ್ಟೆಯನ್ನೂ ಚಿತ್ರಶಾಲೆಯ ಹುಡುಗಿಯೊಬ್ಬಳು ಬಂದು ಗೋಡೆಯ ಮೊಳೆಗೆ ತೂಗುಹಾಕಿದಳು. ಸುಕ್ಕಾಗುವುದಿಲ್ಲ, ಒಳ್ಳೆಯದೇ ಎಂದುಕೊಂಡಳು ಇಸ್ತ್ರಿಯಕ್ಕ. ಕೆಲವು ಬಟ್ಟೆಗಳ ಪಕ್ಕದಲ್ಲಿ ಕೆಂಪು ಚುಕ್ಕೆ ಅಂಟಿಸುತ್ತ ಬಂದರು. ಬಟ್ಟೆ ಅದಲುಬದಲಾಗದಂತೆ ತಾನೂ ಕಾಲರಿನ ಒಳಗೆ ದಾರದ ಗುರುತು ಹಾಕುತ್ತಾಳೆ. ಇವರದ್ದೂ ಅಂಥದ್ದೇ ಏನೋ ಎಂದು ಸುಮ್ಮನಾದಳು.

ಖಾಕಿ ಅಂಗಿಯನ್ನು ಕೊನೆಗೆ ಉಜ್ಜಿದಳು. ಅಷ್ಟು ಜನರ ಕಣ್ಣು ಬೆನ್ನ ಮೇಲಿದ್ದರೂ ಕೈ ತಪ್ಪಲಿಲ್ಲ. ಅದು ಗೋಡೆಗೇರಿದ ಕೂಡಲೇ ದಪ್ಪ ಉಂಗುರದ ಒಬ್ಬ ಕಂಟ್ರಾಕ್ಟರ್ ಹತ್ತಿರ ಹೋಗಿ ನಿಂತ. ಫೋನಿನಲ್ಲಿ ಚಿತ್ರ ತೆಗೆದ. "ಪೊಲೀಸು ನನ್ನ ಹಾಲ್‌ನಲ್ಲಿ ನೇತಾಡ್ತಿರಲಿ" ಎಂದ. ಸುತ್ತ ನಿಂತವರು ನಕ್ಕರು. ಖಾಕಿಯ ಪಕ್ಕ ಕೆಂಪು ಚುಕ್ಕೆ ಬಿತ್ತು.

ಬೆಳಕು ಇಳಿಯುವ ಹೊತ್ತಿಗೆ ಕೂಲಿ ಕೈಗೆ ಬಂತು. ಅದನ್ನು ಮಡಚಿಟ್ಟುಕೊಂಡು ಅವಳು ಗೋಡೆಯಿಂದ ಬಟ್ಟೆ ಇಳಿಸಲು ಹೋದಳು. ಆ ಹುಡುಗಿ ಓಡಿ ಬಂದು ಕೈ ಹಿಡಿದಳು.

"ಮುಟ್ಟಬೇಡಿ. ಚುಕ್ಕೆ ಇರೋವೆಲ್ಲ ಮಾರಾಟ ಆಗಿವೆ."

ಇಸ್ತ್ರಿಯಕ್ಕನಿಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ಖಾಕಿಯತ್ತ ಬೊಟ್ಟು ಮಾಡಿದಳು.

"ಮಾರಾಟ ಅಂದ್ರೆ? ಇದು ಇನ್‌ಸ್ಪೆಕ್ಟರ ಅಂಗಿ ಕಣಮ್ಮ. ಅದು ಮೇಷ್ಟ್ರ ಮನೇದು. ಆ ಬಿಳೀದು ನರ್ಸಮ್ಮಂದು. ನನ್ನದಲ್ಲ. ನನ್ನದಲ್ಲದ್ದನ್ನ ನೀವು ಹೆಂಗೆ ಮಾರ್ತೀರಿ?"

ಜನ ತಿರುಗಿ ನೋಡಿದರು. ಅವಳು ಜುಟ್ಟಿನವನತ್ತ ಹೋದಳು. ಆತ ಗೆರೆಯ ಆಚೆ ಇದ್ದ, ಇವಳು ಗೆರೆಯ ಒಳಗೆ.

"ಅಪ್ಪಾ, ನಿನ್ನ ದುಡ್ಡು ವಾಪಸ್ ತಗೋ. ಬಟ್ಟೆ ಕೊಟ್ಬಿಡು. ಬೆಳಗ್ಗೆ ಆ ಅಂಗಿ ಇಲ್ದೇ ಇದ್ರೆ ನನ್ನ ಗಾಡಿ ಉಳಿಯಲ್ಲ. ನನ್ನ ಮಾವನ ಕಾಲು ಸುಟ್ಟೋಗಿತ್ತು. ನಂಗೆ ಭಯ ಆಗ್ತಿದೆ." ಮಾತಾಡುತ್ತಲೇ ಅವಳಿಗೆ ಅಳು ಬಂತು. ಮುಖ ಮುಚ್ಚಿಕೊಂಡು, ಗಾಡಿಗೆ ಒರಗಿ, ಮಗುವಿನಂತೆ ಅತ್ತಳು.

ಆಗ ಚಪ್ಪಾಳೆ ಕೇಳಿಸಿತು.

ಮೊದಲು ಒಂದು ಮೂಲೆಯಿಂದ, ಆಮೇಲೆ ಕೋಣೆಯ ತುಂಬ. ಒಬ್ಬಾಕೆ ಕಣ್ಣೊರೆಸಿಕೊಂಡಳು. "ಎಷ್ಟು ನಿಜ ಅನ್ಸುತ್ತೆ" ಎಂದು ಪಕ್ಕದವರಿಗೆ ಹೇಳಿದಳು. ಜುಟ್ಟಿನವನ ಕಣ್ಣೂ ಹೊಳೆಯುತ್ತಿತ್ತು. ಹತ್ತಿರ ಬಗ್ಗಿ ಮೆಲ್ಲಗೆ, "ನಾನು ಹೇಳಿಕೊಡದೇ ಇದನ್ನ ಮಾಡಿದ್ರಲ್ಲ. ನಿಲ್ಲಿಸಬೇಡಿ" ಎಂದ.

ಅವಳಿಗೆ ಇನ್‌ಸ್ಪೆಕ್ಟರ ಭಯಕ್ಕಿಂತ ದೊಡ್ಡದೊಂದು ಭಯ ಹುಟ್ಟಿದ್ದು ಅಲ್ಲಿ. ಇನ್‌ಸ್ಪೆಕ್ಟರ ಮುಂದೆ ಅತ್ತರೆ ಒದೆಯಬಹುದು, ಆದರೆ ಅತ್ತದ್ದು ಅಳು ಎಂದು ಅವನಿಗೆ ಗೊತ್ತಾಗುತ್ತದೆ. ಇಲ್ಲಿ ಕೂಗಿಕೊಂಡರೂ ಚಪ್ಪಾಳೆ, ಬಿದ್ದು ಸತ್ತರೂ ಚಪ್ಪಾಳೆ. ಈ ಗೆರೆ ದಾಟದಿದ್ದರೆ ತನ್ನನ್ನು ಯಾರೂ ಮನುಷ್ಯಳೆಂದು ನಂಬುವುದಿಲ್ಲ ಎನ್ನಿಸಿತು.

ಅವಳು ಕಣ್ಣೊರೆಸಿಕೊಂಡಳು. ಗೋಡೆಯಿಂದ ಬಟ್ಟೆಗಳನ್ನು ಒಂದೊಂದಾಗಿ ಕಿತ್ತು ಗಂಟಿಗೆ ತುಂಬಿದಳು. ಖಾಕಿಯನ್ನು ಮಡಚಿ ಮೇಲಿಟ್ಟಳು. ಹುಡುಗಿ ಗಾಬರಿಯಿಂದ ಜುಟ್ಟಿನವನನ್ನು ನೋಡಿದಳು. ಆತ ಸುಮ್ಮನಿರು ಎಂದು ಕೈ ಸನ್ನೆ ಮಾಡಿದ, ಮುಂದೇನು ಬರುತ್ತದೋ ನೋಡುವ ಆಸೆ ಅವನಿಗೆ. ಕಂಟ್ರಾಕ್ಟರ್ ಕೂಡ ಲೋಟ ಹಿಡಿದು ನಗುತ್ತಲೇ ಇದ್ದ. ಅವಳು ಗಾಡಿ ತಳ್ಳುತ್ತ ಬಿಳಿ ಪಟ್ಟಿಯ ಮೇಲೆ ಹಾದು ಹೊರಟಾಗ ಜನ ಎರಡು ಬದಿಗೆ ಸರಿದು ದಾರಿ ಬಿಟ್ಟರು.

ಬಾಗಿಲಿನಲ್ಲಿ ಕಾವಲುಗಾರ ಅಡ್ಡ ನಿಂತ. ತಗ್ಗಿದ ದನಿಯಲ್ಲಿ ಕೇಳಿದ, "ಅಕ್ಕ, ಇದು ಆಟನಾ, ನಿಜಾನಾ?"

"ನಿಜ ಕಣಪ್ಪ."

ಅವನು ಒಳಗೊಮ್ಮೆ ನೋಡಿದ. ಅವನಿಗೂ ಮನೆಮಠ ಇತ್ತು, ಭಯವೂ ಇತ್ತು. ಆದರೂ ಎರಡು ಬಾಗಿಲನ್ನೂ ತೆರೆದು, ಚಕ್ರ ಹೊಸ್ತಿಲು ದಾಟಲು ಒಂದು ಕೈ ಕೊಟ್ಟ. "ಬೇಗ ಹೋಗಿ" ಎಂದ.

ಆ ಸಂಜೆ ಅವಳು ಬೀದಿಬೀದಿ ಅಲೆದು ಎಲ್ಲರ ಬಟ್ಟೆ ಮುಟ್ಟಿಸಿದಳು. ಖಾಕಿ ಅಂಗಿ ಇನ್‌ಸ್ಪೆಕ್ಟರ ಮನೆ ಸೇರಿತು. ಅತ್ತೆಗೆ ಎಲ್ಲ ಹೇಳಿದಳು. "ಕೊಟ್ಯಲ್ಲ, ಬಿಡು" ಎಂದಳು ಮುದುಕಿ.

ಮಾರನೇ ದಿನ ದೊಡ್ಡ ಸಾಹೇಬರು ಬಂದು ಹೋದರು. ಗಂಡಾಂತರ ಕಳೆಯಿತೆಂದು ಇಸ್ತ್ರಿಯಕ್ಕ ಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದಳು. ಗಾಡಿಯ ಮುಂದೆ ಜೀಪು ನಿಂತಿತು. ಇನ್‌ಸ್ಪೆಕ್ಟರು ಇಳಿದರು, ಹಿಂದೆಯೇ ಒಬ್ಬ ಪೇದೆ. ಕಂಟ್ರಾಕ್ಟರನ ಕಾರೂ ಬಂದು ನಿಂತಿತು, ಅದರಿಂದ ಅವನ ಜೊತೆ ಜುಟ್ಟಿನವನೂ ಇಳಿದ. ಆತ ಅವಳ ಕಣ್ಣು ತಪ್ಪಿಸಿದ.

"ಇವರು ಎರಡು ಲಕ್ಷ ಕೊಟ್ಟು ಕೊಂಡ ಮಾಲು ಕದ್ದು ಓಡಿದ್ದೀಯಂತೆ" ಎಂದರು ಇನ್‌ಸ್ಪೆಕ್ಟರು. "ಎಲ್ಲಿದೆ ತೆಗಿ."

ಎರಡು ಲಕ್ಷ. ಅವಳ ಕೈಯಿಂದ ಇಕ್ಕಳ ಜಾರಿತು. ಚಪ್ಪಲಿಯಣ್ಣ ಉಳಿ ಕೆಳಗಿಟ್ಟು ಎದ್ದ.

"ಸಾರ್, ಹೇಳೋಕೆ ಭಯ ಆಗುತ್ತೆ."

"ಬೊಗಳು."

"ನಿಮ್ಮ ಮೈಮೇಲಿದೆ ಸಾರ್."

ಇನ್‌ಸ್ಪೆಕ್ಟರ ಕೈ ಮೇಲೆದ್ದಿತು. ಅವಳು ಕಣ್ಣು ಮುಚ್ಚಿಕೊಂಡೇ ಹೇಳಿದಳು, "ಅವರ ಫೋನ್‌ನಲ್ಲಿ ಚಿತ್ರ ಇದೆ. ಜೇಬಿನ ಗುಂಡಿ ನೋಡಿ. ಕಪ್ಪದು. ನಾನೇ ಹೊಲಿದಿದ್ದು."

ಎತ್ತಿದ ಕೈ ಹಾಗೆಯೇ ನಿಂತಿತು. ಕಂಟ್ರಾಕ್ಟರ್ ಫೋನು ತೆಗೆದು ನೋಡಿದ. ಇನ್‌ಸ್ಪೆಕ್ಟರ ಎದೆ ನೋಡಿದ. ಅವನ ಕುತ್ತಿಗೆ ಕೆಂಪಾಯಿತು. ಇನ್‌ಸ್ಪೆಕ್ಟರು ಫೋನು ಕಸಿದುಕೊಂಡು ನೋಡಿದರು. ಇನ್ನೊಂದು ಕೈ ತಾನಾಗಿ ಗುಂಡಿಯನ್ನು ಮುಚ್ಚಿತು. ಎದುರಿನ ಪಂಕ್ಚರ್ ಅಂಗಡಿಯಿಂದ ಯಾರೋ ಕಿಸಕ್ಕನೆ ನಕ್ಕರು.

ಆ ನಗು ಕೆಲಸ ಕೆಡಿಸಿತು. ಅಂಗಿ ತನ್ನದೇ ಎಂದು ಗೊತ್ತಾದರೂ ಇನ್‌ಸ್ಪೆಕ್ಟರಿಗೆ ಈಗ ಯಾರನ್ನಾದರೂ ಶಿಕ್ಷಿಸಲೇಬೇಕಿತ್ತು. ಕಾರಿನಲ್ಲಿ ಬಂದವರನ್ನು ಶಿಕ್ಷಿಸುವ ಹಾಗಿರಲಿಲ್ಲ.

"ನನ್ನ ಅಂಗಿನ ಮಾರಾಟಕ್ಕೆ ಇಟ್ಟಿದ್ದೀಯ ನೀನು" ಎಂದರು ಇಸ್ತ್ರಿಯಕ್ಕನಿಗೆ. ಪೇದೆಯತ್ತ ತಿರುಗಿ, "ಗಾಡಿ ಉರುಳಿಸು" ಎಂದರು.

ಪೇದೆ ಗಾಡಿಯ ಹಿಡಿಗೆ ಕೈ ಹಾಕಿದ. ಇಸ್ತ್ರಿಯಕ್ಕನಿಗೆ ಮಾವನ ಸುಟ್ಟ ಪಾದ ನೆನಪಾಯಿತು. ಓಡಬೇಕೆನಿಸಿತು. ಅಷ್ಟರಲ್ಲಿ ಗಾಡಿಯ ಇನ್ನೊಂದು ಹಿಡಿಯನ್ನು ಚಪ್ಪಲಿಯಣ್ಣ ಹಿಡಿದಿದ್ದ. ಪಂಕ್ಚರ್ ಅಂಗಡಿಯವನು ಬಂದು ಚಕ್ರಕ್ಕೆ ಕಲ್ಲು ಕೊಟ್ಟ. ಆಸ್ಪತ್ರೆಗೆ ಹೊರಟಿದ್ದ ನರ್ಸಮ್ಮ, ಹಿಂದಿನ ಸಂಜೆ ಕೈಸೇರಿದ ಬಿಳಿ ಅಂಗಿಯಲ್ಲೇ ಬಂದು ಗಾಡಿಯ ಮುಂದೆ ನಿಂತಳು. ಯಾರೂ ಕೂಗಲಿಲ್ಲ. ಪೇದೆ ಎಳೆದ. ಗಾಡಿ ಕದಲಲಿಲ್ಲ.

ಇಸ್ತ್ರಿಯಕ್ಕ ನಿನ್ನೆಯ ಕೂಲಿಯನ್ನು ತೆಗೆದು ಗಾಡಿಯ ಮೇಲಿಟ್ಟಳು.

"ಮಾರಿದ್ದು ನಾನಲ್ಲ ಸಾರ್. ನಂಗೆ ಸಿಕ್ಕಿದ್ದು ಇಷ್ಟು. ಅಂಗಿ ನಿಮ್ಮದು. ಇಸ್ತ್ರಿ ನಂದು. ಗುಂಡಿನೂ ನಂದೇ. ಹಂಗಾದ್ರೆ ಆ ಎರಡು ಲಕ್ಷ ಯಾರದು? ಅದನ್ನ ಅವರ ಹತ್ರ ಕೇಳಿ, ಆಮೇಲೆ ಗಾಡಿ ಉರುಳಿಸಿ."

"ಕೇಳಿ ಸಾರ್" ಎಂದ ಚಪ್ಪಲಿಯಣ್ಣ.

"ಕೇಳಿ" ಎಂದಳು ನರ್ಸಮ್ಮ.

ಇನ್‌ಸ್ಪೆಕ್ಟರು ಮೆಲ್ಲಗೆ ಜುಟ್ಟಿನವನ ಕಡೆ ತಿರುಗಿದರು. ಆತ ಒಂದು ಹೆಜ್ಜೆ ಹಿಂದೆ ಸರಿದ. ಅವನ ಕಣ್ಣು ನೆಲದ ಮೇಲೆ ಏನನ್ನೋ ಹುಡುಕುತ್ತಿತ್ತು. ಅಲ್ಲಿ ಬಿಳಿ ಪಟ್ಟಿ ಇರಲಿಲ್ಲ, ಬೀದಿಯ ಮಣ್ಣಿತ್ತು.

ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ.