ದಿನಕ್ಕೆ ಎರಡು ತಿಥಿ

ಖ್ವೇ ಎಂಬ ಹೆಂಗಸಿನ ತಾಯಿಯ ಫೋಟೋವನ್ನು, ಅವಳಿಗೆ ಹೇಳದೆ ಕೇಳದೆ, ಸೈಗಾನಿನ ಮೂರನೇ ಜಿಲ್ಲೆಯ ಒಂದು ಬಾಡಿಗೆ ಮನೆಯಲ್ಲಿ, ಸತ್ತ ಹಿರಿಯರನ್ನು ಪೂಜಿಸುವ ಪೀಠದ ಮೇಲಿಟ್ಟು, ಎಂಟು ತಿಂಗಳಿಂದ ಪ್ರವಾಸಿಗರಿಗೆ ದಿನಕ್ಕೆ ಎರಡು ಸಲ ತಿಥಿಯೂಟ ಬಡಿಸಲಾಗುತ್ತಿತ್ತು. ಹನ್ನೊಂದೂವರೆಗೆ ಒಂದು ಪಂಕ್ತಿ, ಸಂಜೆ ಆರಕ್ಕೆ ಇನ್ನೊಂದು.

ಇದು ಅವಳಿಗೆ ಗೊತ್ತಾದದ್ದು ಒಂದು ಗುರುವಾರ ಬೆಳಗ್ಗೆ, ಚೋಲೊನ್ ಪೇಟೆಯಲ್ಲಿ, ತನ್ನದೇ ಗಿರಾಕಿಯ ಬಾಯಿಂದ.

ಖ್ವೇಗೆ ನಲವತ್ತಮೂರು ವರ್ಷ. ಊರು ತೋರಿಸುವುದೇ ಅವಳ ಕಸುಬು. ಬಾವುಟ ಹಿಡಿದುಕೊಂಡು ನಲವತ್ತು ಜನರನ್ನು ಬಾತುಕೋಳಿಗಳಂತೆ ಅಟ್ಟಿಕೊಂಡು ಹೋಗುವವಳಲ್ಲ. ಒಬ್ಬರು, ಹೆಚ್ಚೆಂದರೆ ಇಬ್ಬರು. ಅವರನ್ನು ತನ್ನ ಹಳೇ ಹೋಂಡಾದ ಹಿಂದೆ ಕೂರಿಸಿಕೊಂಡು, ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರಿಸಿ ಬಟ್ಟೆಯಲ್ಲಿ ಸೋಸಿದ ಕಾಫಿ ಕುಡಿಸಿ, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕಾದ ಗಲ್ಲಿಗಳಲ್ಲಿ ನಡೆಸುವವಳು. ಗಿರಾಕಿಗಳನ್ನು ಕಳಿಸುತ್ತಿದ್ದವಳು ನ್ಯಾನ್. ಮೂವತ್ತು ಜನ ಗೈಡುಗಳಿರುವ ಸಂಸ್ಥೆಯ ಒಡತಿ, ಖ್ವೇಗೆ ಅಕ್ಕ.

ಒಡಹುಟ್ಟಿದ ಅಕ್ಕನಲ್ಲ. ನದಿಬಯಲಿನ ಯಾವುದೋ ಹಳ್ಳಿಯಿಂದ ಹನ್ನೆರಡನೇ ವಯಸ್ಸಿಗೆ ಮನೆಗೆಲಸಕ್ಕೆಂದು ಬಂದು, ಹೊಡೆತ ತಾಳಲಾರದೆ ಓಡಿ, ನಾಲ್ಕನೇ ಜಿಲ್ಲೆಯ ಖ್ವೇಯವರ ಗಲ್ಲಿಯಲ್ಲಿ ಒಂದು ಸಂಜೆ ಏಡಿಸಾರಿನ ಶಾವಿಗೆ ಮಾರುತ್ತಿದ್ದ ತಾಯಿಯ ತಳ್ಳುಗಾಡಿಯ ಮುಂದೆ ನಿಂತಿದ್ದಳು. ತಾಯಿ ಏನೂ ಕೇಳದೆ ಒಂದು ಬಟ್ಟಲು ಕೈಗಿತ್ತಳು. ಮಾರನೆಯ ದಿನವೂ ಇತ್ತಳು. ಆಮೇಲೆ ಆ ಹುಡುಗಿ ಖ್ವೇಯ ಚಾಪೆಯ ಅರ್ಧದಲ್ಲಿ ಮಲಗಿ ಬೆಳೆದಳು. ಆರು ವರ್ಷದ ಹಿಂದೆ ತಾಯಿ ತೀರಿಕೊಂಡಾಗ ನ್ಯಾನ್ ಕೂಡ ಮಗಳಂತೆ ತಲೆಗೆ ಬಿಳಿಯ ಪಟ್ಟಿ ಕಟ್ಟಿಕೊಂಡು ಹೆಣದ ಹಿಂದೆ ನಡೆದಿದ್ದಳು.

ಆ ಗುರುವಾರದ ಗಿರಾಕಿ ಹಲೀನಾ, ಪೋಲೆಂಡಿನ ನಿವೃತ್ತ ದಾದಿ. ಬೇರುನಾರಿನ ಔಷಧಿ ಅಂಗಡಿಗಳ ಸಾಲಿನಲ್ಲಿ ನಡೆಯುತ್ತಾ, ಇವತ್ತು ಸಂಜೆ ಒಂದು ಮನೆಗೆ ತಿಥಿಯೂಟಕ್ಕೆ ಹೋಗುವುದಿದೆ, ಬರಿಗೈಯಲ್ಲಿ ಹೋಗಬಾರದಲ್ಲ, ಏನು ಒಯ್ಯಲಿ ಎಂದು ಕೇಳಿದಳು. ಖ್ವೇಗೆ ಹಿಗ್ಗಾಯಿತು. ಇಷ್ಟು ವರ್ಷದಲ್ಲಿ ಇಂಥ ಪ್ರಶ್ನೆ ಕೇಳಿದವರು ಬೆರಳೆಣಿಕೆಯಷ್ಟು. ಹಣ್ಣು ಒಯ್ಯಿರಿ ಎಂದಳು. ಸತ್ತವರಿಗೆ ಏನು ಇಷ್ಟವೋ ಅದನ್ನೇ ಮಾಡಿರುತ್ತಾರೆ, ರುಚಿ ಹೇಗಿದ್ದರೂ ಮುಖ ಸಿಂಡರಿಸಬೇಡಿ. ಊದುಬತ್ತಿ ಹಚ್ಚುವುದೆಂದರೆ ಅವರನ್ನು ಮನೆಗೆ ಕರೆಯುವುದು. ಬತ್ತಿ ಉರಿಯುವಷ್ಟು ಹೊತ್ತೂ ಅವರು ಉಣ್ಣುತ್ತಿರುತ್ತಾರೆ. ಅದು ಮುಗಿಯುವವರೆಗೆ ನಾವು ತಟ್ಟೆಗೆ ಕೈ ಹಾಕುವಂತಿಲ್ಲ. ಹಸಿವಾದರೂ ಕಾಯಬೇಕು.

“ಯಾರ ಮನೆ?” ಎಂದು ಕೇಳಿದಳು ಕೊನೆಗೆ.

ಹಲೀನಾ ಫೋನು ತೋರಿಸಿದಳು. ‘ನಮ್ಮ ಅಜ್ಜಿ ಲಿಯೆನ್ ನೆನಪಿನ ಊಟ. ಮನೆಯವರಂತೆ ಬನ್ನಿ.’ ಅದರ ಮೇಲೆ ಹಣ್ಣು, ಹೂವು, ಹಿತ್ತಾಳೆಯ ದೀಪಗಳ ನಡುವೆ ಒಂದು ಮುಖ.

ತಾಯಿ ಬದುಕಿದ್ದಾಗ ತೆಗೆಸಿಕೊಂಡಿದ್ದ ಫೋಟೋ ಒಂದೇ, ಗುರುತಿನ ಚೀಟಿಯದು. ಸತ್ತ ಮೇಲೆ ಸ್ಟುಡಿಯೋದವನು ಅದನ್ನೇ ದೊಡ್ಡದು ಮಾಡಿ, ಜನ್ಮವಿಡೀ ಹೂವಿನಚ್ಚಿನ ಪೈಜಾಮ ಬಿಟ್ಟು ಬೇರೇನೂ ತೊಡದವಳ ಕತ್ತಿಗೆ ಕಂದು ಮಖಮಲ್ಲಿನ ಉದ್ದನಿಲುವಂಗಿ ಅಂಟಿಸಿಕೊಟ್ಟಿದ್ದ. ಅಂಟಿಸುವಾಗ ಎಡಗಡೆಯ ಕಾಲರು ಕೊಂಚ ಓರೆಯಾಗಿತ್ತು. ಸ್ಟುಡಿಯೋಗೆ ಹೋಗಿ ಮಾಡಿಸಿಕೊಂಡು ಬಂದವಳು ನ್ಯಾನ್. ಇರಲಿ ಬಿಡು, ಅಮ್ಮ ಯಾವತ್ತು ನೆಟ್ಟಗೆ ಬಟ್ಟೆ ಹಾಕಿದ್ದಳು ಎಂದು ಇಬ್ಬರೂ ಅಳುತ್ತಲೇ ನಕ್ಕಿದ್ದರು.

ಆ ಓರೆ ಕಾಲರನ್ನು ಖ್ವೇ ನಡುಬೀದಿಯಲ್ಲಿ ನಿಂತು ನೋಡಿದಳು. ಹಿಂದಿನಿಂದ ಒಬ್ಬ ಹಾರ್ನ್ ಹೊಡೆದ, ಬೈದ, ಬಳಸಿಕೊಂಡು ಹೋದ.

“ನಿಮ್ಮವರಾ?” ಎಂದಳು ಹಲೀನಾ. ಸಾವಿನ ಮನೆಗಳನ್ನು ಬಹಳ ಕಂಡವಳು; ಉತ್ತರಕ್ಕೆ ಕಾಯದೆ, ಹೋಟೆಲಿಗೆ ನಾನೇ ಹೋಗುತ್ತೇನೆ, ನೀವು ಹೊರಡಿ ಎಂದಳು.

ಹಲೀನಾಳ ಫೋನಿನಲ್ಲಿ ಕಂಡ ವಿಳಾಸದ ಆ ಮನೆಯ ಹಿತ್ತಿಲ ಬಾಗಿಲು ತೆರೆದಿತ್ತು. ಪಾತ್ರೆ ತೊಳೆಯುವ ಕಡೆ, ಕುಕ್ಕರುಗಾಲಲ್ಲಿ ಕೂತು, ಥ್ವಾ ಅತ್ತೆ ಕತ್ತರಿಯಿಂದ ಊದುಬತ್ತಿಗಳನ್ನು ತುಂಡು ಮಾಡುತ್ತಿದ್ದಳು. ಥ್ವಾ ಅತ್ತೆ ಅವರದೇ ಗಲ್ಲಿಯವಳು, ಗೋಡೆಗೆ ಗೋಡೆ ಹತ್ತಿದ ಮನೆ. ಬೆರಳುದ್ದ ಬಿಟ್ಟು ಉಳಿದದ್ದನ್ನು ಪಕ್ಕಕ್ಕೆ ಹಾಕುತ್ತಿದ್ದಳು.

“ಯಾಕತ್ತೆ ಕತ್ತರಿಸ್ತಿದ್ದೀಯ?” ಎಂಬ ಮಾತು ಖ್ವೇಯ ಬಾಯಿಂದ ತಾನಾಗಿ ಬಂತು.

“ಉದ್ದ ಬಿಟ್ರೆ ಮುಕ್ಕಾಲು ಗಂಟೆ ಉರಿಯುತ್ತೆ ಕಣೆ. ಈ ಬಿಳಿಯರಿಗೆ ಅಷ್ಟೊತ್ತು ಎಲ್ಲಿಂದ ತಾಳ್ಮೆ ಬರ್ಬೇಕು? ಇದಾದ್ರೆ ಎಂಟು ನಿಮಿಷ.” ಹೀಗೆಂದ ಮೇಲೆ ಮುದುಕಿ ತಲೆ ಎತ್ತಿ, ಯಾರ ಜೊತೆ ಮಾತಾಡುತ್ತಿದ್ದೇನೆಂದು ನೋಡಿದಳು. ಕತ್ತರಿ ನಿಂತಿತು. ಆದರೆ ಅವಳ ಮುಖದಲ್ಲಿ ಕಂಡದ್ದು ಕಳ್ಳತನದಲ್ಲಿ ಸಿಕ್ಕಿಬಿದ್ದ ಅಳುಕಲ್ಲ, ತಾತ್ಸಾರ. “ಬಂದ್ಯಾ ನೋಡೋಕೆ, ವ್ಯಾಪಾರ ಹೇಗಿದೆ ಅಂತ?”

ಖ್ವೇಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸಲು ಮುದುಕಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಫೋಟೋ ಖ್ವೇಯೇ ಕೊಟ್ಟಳೆಂದು ನ್ಯಾನ್ ಗಲ್ಲಿಯಲ್ಲೆಲ್ಲ ಹೇಳಿದ್ದಳು. ಅಡುಗೆಗೆ, ಬಡಿಸುವುದಕ್ಕೆ, ‘ಮನೆಯವರಾಗಿ’ ಕೂರುವುದಕ್ಕೆ ಗಲ್ಲಿಯಿಂದಲೇ ಒಂಬತ್ತು ಜನರನ್ನು ಕೆಲಸಕ್ಕೆ ತೆಗೆದುಕೊಂಡಿದ್ದಳು. ಅಜ್ಜನ ಪಾತ್ರಕ್ಕೆ ಮಾತ್ರ ಹಳೇ ನಾಟಕ ಕಂಪನಿಯ ನಟನೊಬ್ಬನನ್ನು ಹಿಡಿದಿದ್ದಳು, ಅವನಿಗೆ ಬೇಕೆಂದಾಗ ಕಣ್ಣೀರು ಬರುತ್ತಿತ್ತು.

“ಮಗಳೇ ಮಾರಿದ್ಮೇಲೆ ನಾವ್ಯಾರು ಕೇಳೋಕೆ ಅಂತ ಸುಮ್ನಾದ್ವಿ. ನಮಗೂ ಹೊಟ್ಟೆ ಇದೆಯಲ್ಲ. ಆದ್ರೂ ನಿನ್ನ ಮುಖ ನೋಡೋಕೆ ಮನಸ್ಸಾಗ್ತಿರಲಿಲ್ಲ ಬಿಡು.”

ಆಗ ಖ್ವೇಗೆ ಏಪ್ರಿಲ್ ತಿಂಗಳು ನೆನಪಾಯಿತು. ತಾಯಿಯ ನಿಜವಾದ ತಿಥಿ. ಪ್ರತಿವರ್ಷ ಗಲ್ಲಿಗೆ ಗಲ್ಲಿಯೇ ಬಂದು, ಒಳಗೆ ಜಾಗ ಸಾಲದೆ ಹೊರಗೆ ಚಾಪೆ ಹಾಸುತ್ತಿದ್ದರು. ಈ ವರ್ಷ ನಾಲ್ಕು ಜನ ಬಂದು, ಅರ್ಧ ಬಟ್ಟಲು ಉಂಡು, ಕೆಲಸವಿದೆ ಎಂದು ಎದ್ದಿದ್ದರು. ತಾಯಿಗೆ ಪ್ರಾಣವಾಗಿದ್ದ ಉಪ್ಪುಮೀನಿನ ಗೊಜ್ಜನ್ನು ಖ್ವೇ ಮೂರು ದಿನ ಒಬ್ಬಳೇ ಬಿಸಿ ಮಾಡಿ ಬಿಸಿ ಮಾಡಿ ತಿಂದಿದ್ದಳು. ಜನ ಸತ್ತವರನ್ನು ಎಷ್ಟು ಬೇಗ ಮರೆಯುತ್ತಾರೆ ಎಂದುಕೊಂಡಿದ್ದಳು. ಮರೆತಿರಲಿಲ್ಲ. ಅಸಹ್ಯಪಟ್ಟುಕೊಂಡಿದ್ದರು. ಎಂಟು ತಿಂಗಳು ಅವಳು ಆ ಗಲ್ಲಿಯಲ್ಲಿ ತಾಯಿಯನ್ನು ಮಾರಿದವಳಾಗಿ ಓಡಾಡಿದ್ದಳು, ಅವಳೊಬ್ಬಳನ್ನು ಬಿಟ್ಟು ಎಲ್ಲರಿಗೂ ಅದು ಗೊತ್ತಿತ್ತು.

“ನಾನು ಕೊಟ್ಟಿಲ್ಲ ಅತ್ತೆ,” ಎಂದಳು.

ಥ್ವಾ ಅತ್ತೆ ಮಡಿಲಲ್ಲಿದ್ದ ಬತ್ತಿಗಳನ್ನು ಕೆಳಗಿಟ್ಟಳು. ಆದರೆ ಎದ್ದು ಹೋಗಲಿಲ್ಲ. ಒಲೆಯ ಮೇಲೆ ಹಂದಿಮಾಂಸ ಕುದಿಯುತ್ತಿತ್ತು, ಅದನ್ನು ಕೈಯಾಡಿಸಬೇಕಿತ್ತು.

ನ್ಯಾನ್ ಸಿಕ್ಕಿದ್ದು ಮುಂದಿನ ಕೋಣೆಯಲ್ಲಿ, ಪೀಠದ ಮೇಲಿನ ಹೂವು ಸರಿಪಡಿಸುತ್ತಾ. ನಲವತ್ತೊಂಬತ್ತಕ್ಕೂ ಬೆನ್ನು ನೆಟ್ಟಗಿತ್ತು. ಖ್ವೇಯನ್ನು ಕಂಡು ಬೆಚ್ಚಲಿಲ್ಲ. ಯಾವತ್ತಾದರೂ ಒಂದು ದಿನ ಬರುವವಳು ಇವತ್ತು ಬಂದಳು ಎನ್ನುವಂತೆ, ಬಾ, ಕೂತುಕೋ, ಊಟ ಆಯ್ತಾ ಎಂದಳು. ಹೇಳಬೇಕೆಂದೇ ಇದ್ದೆ, ಸಮಯ ಕೂಡಿಬರಲಿಲ್ಲ ಎಂದಳು. ಖ್ವೇ ನಿಂತೇ ಇದ್ದುದನ್ನು ನೋಡಿ ದನಿ ತಗ್ಗಿಸಿದಳು. ಇದನ್ನು ಕಲಿಸಿದವಳು ನೀನೇ ಅಲ್ಲವೆ ಎಂದಳು.

ಅದು ಸುಳ್ಳಾಗಿರಲಿಲ್ಲ. ತಾಯಿಯ ಮೊದಲ ತಿಥಿಗೆ ಖ್ವೇ ಇಬ್ಬರು ಗಿರಾಕಿಗಳನ್ನು ಮನೆಗೆ ಕರೆದಿದ್ದಳು, ತಿಥಿಯ ದಿನ ಬಂದ ಯಾರನ್ನೂ ಬಾಗಿಲಿಂದ ಕಳಿಸಬಾರದೆಂದು. ಅವರಲ್ಲಿ ಒಬ್ಬಾಕೆ ಊಟದ ಮುಂದೆ ಕೂತು ತನ್ನ ತಾಯಿಯನ್ನು ನೆನೆದು ಬಿಕ್ಕಿಬಿಕ್ಕಿ ಅತ್ತಿದ್ದಳು. ಎಲ್ಲರೂ ಆಕೆಯ ಬೆನ್ನು ಸವರಿದ್ದರು. ನ್ಯಾನ್ ಮಾತ್ರ ಆಕೆಯ ಮುಖವನ್ನೇ ನೋಡುತ್ತಿದ್ದಳು. ಅವತ್ತು ಅದು ಕರುಣೆ ಎಂದು ಖ್ವೇ ತಿಳಿದಿದ್ದಳು.

ಕಾಫಿ ಸೋಸುವ ಮುದುಕಿಯನ್ನು, ಗಲ್ಲಿಯ ಕುರುಡ ದರ್ಜಿಯನ್ನು ಹದಿನೇಳು ವರ್ಷ ತೋರಿಸುತ್ತ ಬಂದವಳು ತಾನಲ್ಲವೆ? ಎಲ್ಲಿಯವರೆಗೆ ತೋರಿಸುವುದು, ಎಲ್ಲಿಂದ ಮಾರುವುದು? ಆ ಗೆರೆ ಎಲ್ಲಿದೆಯೆಂದು ಖ್ವೇಗೆ ತಟ್ಟನೆ ಹೇಳಲಾಗಲಿಲ್ಲ. ಆದರೆ ತಾನು ನಿಂತಿರುವ ಜಾಗ ಅದರ ಆಚೆಗಿದೆ ಎಂಬುದು ಮಾತ್ರ ಕಾಲಿಗೆ ಗೊತ್ತಾಗುತ್ತಿತ್ತು.

“ಹೆಸರು ಬದಲಾಯಿಸಿದ್ದೀನಲ್ಲೇ,” ಎಂದಳು ನ್ಯಾನ್. “ಲಿಯೆನ್ ಅಂತ ಕರೆದ್ರೆ ಅಮ್ಮ ಬರ್ತಾಳಾ? ಅವಳಿಗೆ ತೊಂದ್ರೆ ಆಗ್ಬಾರ್ದು ಅಂತಾನೇ ಹಾಗೆ ಮಾಡಿದ್ದು. ಬರೀ ಫೋಟೋ ಅದು.”

“ಹಾಗಾದ್ರೆ ನಿನ್ನ ಫೋಟೋ ಇಡು.”

ನ್ಯಾನ್‌ಳ ಕೈ ಹೂವಿನಿಂದ ಹಿಂದೆ ಸರಿಯಿತು. ಬದುಕಿರುವವರ ಫೋಟೋವನ್ನು ಪೀಠದ ಮೇಲಿಡುವ ಮಾತನ್ನು ಆ ಊರಿನಲ್ಲಿ ಯಾರೂ ತಮಾಷೆಗೂ ಆಡುವುದಿಲ್ಲ. ನ್ಯಾನ್ ಬೇರೆ ಮಾತು ತೆಗೆದಳು. ಗಲ್ಲಿಯ ಒಂಬತ್ತು ಮನೆಗಳ ಒಲೆ ಇದರಿಂದ ಉರಿಯುತ್ತಿದೆ. ಅಮ್ಮ ಊರಿಗೆಲ್ಲ ಉಣ್ಣಿಸಿದವಳು, ಈಗಲೂ ಉಣ್ಣಿಸುತ್ತಿದ್ದಾಳೆ. ನನಗೂ ಅವಳು ಅಮ್ಮನೇ, ನಾನೂ ಬಿಳಿಪಟ್ಟಿ ಕಟ್ಟಿದವಳೇ, ನಿನಗೊಬ್ಬಳಿಗೇ ಹಕ್ಕೇನು?

“ಅಮ್ಮ ನಿನಗೆ ಬಟ್ಟಲು ಕೊಟ್ಟಾಗ ಏನಾದ್ರೂ ಕೇಳಿದ್ಲಾ ಅಕ್ಕ?” ಎಂದಳು ಖ್ವೇ. ದನಿ ಏರಲಿಲ್ಲ.

ಹೊರಗೆ ಗಾಡಿ ನಿಂತ ಸದ್ದಾಯಿತು. ನ್ಯಾನ್ ಕಿಟಕಿಯಿಂದ ಇಣುಕಿ ಅವಸರದಲ್ಲಿ ಹತ್ತಿರ ಬಂದು ಖ್ವೇಯ ಮುಂಗೈ ಹಿಡಿದಳು. ಇವತ್ತು ಬಂದಿರುವವರು ಬರೀ ಊಟಕ್ಕೆ ಬಂದವರಲ್ಲ. ಗಿರಾಕಿಗಳನ್ನು ಹುಡುಕಿಕೊಡುವ ದೊಡ್ಡ ವಿದೇಶಿ ಸಂಸ್ಥೆಯ ಇಬ್ಬರು ಜೊತೆಗಿದ್ದಾರೆ. ಇದು ನಿಜವಾದ ಮನೆಯಲ್ಲ, ನಾಟಕ ಎಂದು ಯಾರೋ ದೂರು ಬರೆದಿದ್ದಾರಂತೆ, ನೋಡಲು ಬಂದಿದ್ದಾರೆ. ದೇವರು ಕಳಿಸಿದ ಹಾಗೆ ಬಂದಿದ್ದೀಯ. ನೀನು ನಿಜವಾದ ಮಗಳು. ನಿನ್ನ ಮುಖಕ್ಕೂ ಫೋಟೋದ ಮುಖಕ್ಕೂ ಹೋಲಿಕೆ ಯಾರಿಗಾದರೂ ಕಾಣುತ್ತದೆ. ನೀನೊಮ್ಮೆ ಬತ್ತಿ ಹಚ್ಚಿ, ಇವಳು ನನ್ನ ತಾಯಿ, ಇವತ್ತು ಅವಳ ದಿನ ಎಂದುಬಿಟ್ಟರೆ ಮುಗಿಯಿತು. ಆಮೇಲೆ ಈ ಮನೆ ನಿನ್ನದು, ಬಿಸಿಲಲ್ಲಿ ಹೋಂಡಾ ಓಡಿಸುವುದು ಬೇಡ. ಗಲ್ಲಿಯವರಿಗೂ ನಾನೇ ಸಮಾಧಾನ ಹೇಳುತ್ತೇನೆ.

ಹದಿನಾಲ್ಕು ಜನ ಚಪ್ಪಲಿ ಬಿಟ್ಟು ಒಳಗೆ ಬಂದರು. ಬೆವರು ಒರೆಸಿಕೊಂಡರು, ಪೀಠ ನೋಡಿ ದನಿ ತಗ್ಗಿಸಿದರು. ನಾಟಕದ ಅಜ್ಜ ತನ್ನ ಕುರ್ಚಿಯಲ್ಲಿ ಬಂದು ಕೂತ. ಅಡುಗೆಮನೆಯ ಬಾಗಿಲಲ್ಲಿ ಗಲ್ಲಿಯ ಹೆಂಗಸರು ತಟ್ಟೆ ಹಿಡಿದು ಸಾಲಾಗಿ ನಿಂತರು. ಎಲ್ಲರ ಹಿಂದೆ ಥ್ವಾ ಅತ್ತೆ, ಸೌಟು ಇನ್ನೂ ಕೈಯಲ್ಲೇ.

ನ್ಯಾನ್ ಇಂಗ್ಲಿಷಿನಲ್ಲಿ ಇವತ್ತು ವಿಶೇಷ ದಿನವೆಂದಳು. ಅಜ್ಜಿಯ ಸ್ವಂತ ಮಗಳು ಬಂದಿದ್ದಾಳೆ, ಅವಳ ಕೈಯಿಂದಲೇ ಊದುಬತ್ತಿ ಎಂದಳು. ಹದಿನಾಲ್ಕು ಮುಖಗಳೂ ಖ್ವೇಯ ಕಡೆ ತಿರುಗಿದವು. ಒಬ್ಬಾಕೆ ಆಗಲೇ ಕಣ್ಣೊರೆಸಿಕೊಳ್ಳುತ್ತಿದ್ದಳು. ಬೆರಳುದ್ದದ ಮೂರು ಬತ್ತಿಗಳನ್ನೂ ಲೈಟರನ್ನೂ ನ್ಯಾನ್ ಚಾಚಿದಳು.

“ಹಚ್ಚು,” ಎಂದಳು ತಮ್ಮ ಭಾಷೆಯಲ್ಲಿ, ನಗುಮುಖ ಕದಲಿಸದೆ.

ಪೀಠದ ಮುಂದೆ ನಿಂತಿದ್ದ ಖ್ವೇ ಕೈ ಚಾಚಲಿಲ್ಲ.

“ಹಚ್ಚಲ್ಲ ಅಕ್ಕ.”

“ಒಂಬತ್ತು ಮನೆ. ಅವರ ಮುಖ ನೋಡಿ ಹೇಳು.”

ಖ್ವೇ ಬಾಗಿಲ ಕಡೆ ತಿರುಗಿ ಅವರ ಮುಖಗಳನ್ನು ನೋಡಿದಳು, ಒಂದೊಂದಾಗಿ. ಹುಟ್ಟಿದಾಗಿನಿಂದ ಕಂಡ ಮುಖಗಳು. ಯಾರೂ ಕಣ್ಣು ತಗ್ಗಿಸಲಿಲ್ಲ, ಯಾರೂ ಹೂಂ ಎನ್ನಲಿಲ್ಲ. ಅವರ ಒಲೆ ಆರಿದರೆ ಹೊಣೆ ಯಾರೆಂದು ಅವಳಿಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

“ಇವತ್ತು ನಮ್ಮಮ್ಮನ ದಿನ ಅಲ್ಲ,” ಎಂದಳು. ಮೊದಲು ತನ್ನ ಭಾಷೆಯಲ್ಲಿ, ಗಲ್ಲಿಯವರಿಗೆ. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ, ಬಂದವರಿಗೆ. “ಫೋಟೋ ನಾನು ಕೊಟ್ಟಿಲ್ಲ.”

ನಾಟಕದ ಅಜ್ಜ ಕುರ್ಚಿಯಿಂದ ಎದ್ದ. ನ್ಯಾನ್ ಬತ್ತಿಗಳನ್ನು ಅವನ ಕೈಗೆ ಕೊಟ್ಟು, ಅವಳಿಗೆ ಮೈ ಸರಿಯಿಲ್ಲ ಎಂದು ಅತಿಥಿಗಳಿಗೆ ನಗುತ್ತಾ ಹೇಳಿ, ಹಲ್ಲು ಕಚ್ಚಿ ಇತ್ತ ತಿರುಗಿದಳು.

“ಹಚ್ಚದಿದ್ರೆ ಬೇಡ. ಪೀಠದ ಮುಂದಿಂದ ಸರಿ. ಅವನು ಹಚ್ತಾನೆ.”

“ಸರಿಯಲ್ಲ,” ಎಂದಳು ಖ್ವೇ.